ಗಾಜಿನಾಚೆಯ ಗೊರಕೆ

ಗಾಜಿನಾಚೆ ಗೊರಕೆ ಥಟ್ಟನೆ ನಿಂತಿತು. ಇಲಿಯಮ್ಮನ ಕೈ ತಾನಾಗಿಯೇ ಹೋಗಿ ಇಲಿಪೆಟ್ಟಿಗೆಯ ಗಾಳಿಯ ತಿರುಪನ್ನು ಪೂರ್ತಿ ತೆರೆದುಬಿಟ್ಟಿತು.

ಪೆಟ್ಟಿಗೆಯೊಳಗಿನ ಇಲಿಗಳು ಮೂಗೆತ್ತಿ ಮೀಸೆ ಅಲ್ಲಾಡಿಸಿದವು. ಹೊರಗಿನ ಕೋಣೆಯ ಕುರ್ಚಿಯಲ್ಲಿ ಕತ್ತು ವಾಲಿಸಿ ಕೂತಿದ್ದ ಗಂಡನಿಗೆ ಮಾತ್ರ ಉಸಿರು ಬರಲಿಲ್ಲ. ಎದೆ ಏರಿಳಿಯುತ್ತಿತ್ತು, ಬಾಯಿ ತೆರೆದೇ ಇತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅಯ್ಯೋ, ತಾನು ಗಾಳಿ ಬಿಟ್ಟದ್ದು ಯಾರಿಗೆ! ಅವಳು ಬಾಗಿಲು ತಳ್ಳಿಕೊಂಡು ಓಡಿ ಅವನ ಭುಜ ಹಿಡಿದು ಅಲುಗಿಸಿದಳು.

"ರೀ! ಏಳ್ರೀ!"

ಗಂಡ ಗಕ್ಕನೆ ಉಸಿರೆಳೆದುಕೊಂಡು ಕಣ್ಣು ಬಿಟ್ಟ. "ಏನೇ ಇದು, ಮನೆಗೆ ಬೆಂಕಿ ಬಿದ್ದೋರ ಥರ? ನಿದ್ದೆ ಯಾರು ಮಾಡಿದ್ರು, ಸುಮ್ನೆ ಕಣ್ಣು ಮುಚ್ಚಿದ್ದೆ."

ಇಲಿಗಳನ್ನು ನೋಡಿಕೊಳ್ಳುವವಳೆಂದು ಪ್ರಯೋಗಾಲಯದವರೆಲ್ಲ ಅವಳಿಗೆ ಇಟ್ಟ ಹೆಸರು ಇಲಿಯಮ್ಮ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ಮನುಷ್ಯರ ಕಾಯಿಲೆ ಈ ಇಲಿಗಳಿಗೆ ತಾನಾಗಿ ಬರುವುದಿಲ್ಲ. ಅದಕ್ಕೇ ಅವು ಮಲಗಿದಾಗ ಪೆಟ್ಟಿಗೆಯ ಆಮ್ಲಜನಕವನ್ನು ಇಳಿಸುವುದು, ಏರಿಸುವುದು, ಮತ್ತೆ ಇಳಿಸುವುದು. ವಾರಗಟ್ಟಲೆ ಹೀಗೆ ಮಾಡಿ ಅವುಗಳ ಹೃದಯಕ್ಕೆ, ರಕ್ತದೊತ್ತಡಕ್ಕೆ ಏನಾಗುತ್ತದೆಂದು ನೋಡುವುದು. ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನಿಗೂ ಅದೇ ಕಾಯಿಲೆಯೆಂದು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡ ಶಾಲಾ ಬಸ್ಸಿನ ಡ್ರೈವರು. ರಾತ್ರಿ ನಿದ್ದೆಗೆಟ್ಟು ಹಗಲು ತೂಕಡಿಸುವ ಡ್ರೈವರನ್ನು ಯಾವ ಶಾಲೆ ಇಟ್ಟುಕೊಂಡೀತು? ಬೆಳಿಗ್ಗೆ ಅವನು ಹೊರಟಾಗಿನಿಂದ ಸಂಜೆ ಬಸ್ಸು ಶೆಡ್ಡು ಸೇರುವವರೆಗೂ ಅವಳ ಕಣ್ಣು ಫೋನಿನ ಮೇಲೆಯೇ. ಮಧ್ಯಾಹ್ನ ಮಾತ್ರ ಒಂದಿಷ್ಟು ನೆಮ್ಮದಿ. ಖಾಲಿ ಬಸ್ಸನ್ನು ಹೊರಗೆ ನಿಲ್ಲಿಸಿ ಊಟಕ್ಕೆ ಅವಳ ಹತ್ತಿರ ಬರುತ್ತಿದ್ದ.

ವಿಜ್ಞಾನಿ ಮೇಡಂ ಒಳಗಿನಿಂದ ಬಂದರು. "ಪೆಟ್ಟಿಗೆಗೆ ಯಾರ್ರೀ ಗಾಳಿ ಬಿಟ್ಟಿದ್ದು? ಇವತ್ತಿನ ಕೆಲಸ ಎಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲ!"

"ನಾನೇ ಮೇಡಂ. ಇವರಿಗೆ ಉಸಿರು ನಿಂತಿತ್ತು. ಗಾಬರೀಲಿ ಕೈ ಅಲ್ಲಿಗೆ ಹೋಯ್ತು."

ಮೇಡಂ ಸಿಟ್ಟು ಮರೆತು ಅವನನ್ನೇ ನೋಡಿದರು. "ಇವರು ಬಸ್ ಓಡಿಸ್ತಾರೆ ಅಂದಿದ್ರಿ ಅಲ್ವಾ?"

ಗಂಡ ನಕ್ಕ. "ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ ಮೇಡಂ! ಇವಳಿಗೆ ಇಲಿ ನೋಡಿ ನೋಡಿ ಗಂಡನೂ ಇಲಿ ಥರ ಕಾಣ್ತಾನೆ." ಯಾರೂ ನಗಲಿಲ್ಲ. ಅವನು ಗಡಿಯಾರ ನೋಡಿ ಎದ್ದ. "ಶಾಲೆ ಬಿಡೋ ಹೊತ್ತಾಯ್ತು."

ಮೇಜಿನ ಮೇಲಿದ್ದ ಬಸ್ಸಿನ ಕೀಲಿಯನ್ನು ಅವಳು ಆಗಲೇ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಫೋನು, ಶಾಲೆಯ ನಂಬರು. ಆಚೆ ರಿಂಗಾಗುತ್ತಿತ್ತು.

"ಕೀಲಿ ಕೊಡು. ಕೊಡು ಅಂದೆ! ನಿನ್ನ ಕೈಯಾರೆ ನನ್ನ ಹೊಟ್ಟೆ ಮೇಲೆ ಹೊಡೀತೀಯೇನೇ?"

"ಹೊಡೀತೀನಿ. ಬಸ್ ತುಂಬ ಮಕ್ಕಳಿರ್ತಾರೆ ಕಣ್ರೀ." ಅವಳು ಫೋನಿನ ಕಡೆ ತಿರುಗಿದಳು. "ಹಲೋ, ನಾನು ಬಸ್ ಡ್ರೈವರ್ ಮನೆಯವಳು. ಇವತ್ತು ಮಕ್ಕಳನ್ನ ಬಿಡೋಕೆ ಬೇರೆ ಯಾರನ್ನಾದ್ರೂ ಕಳಿಸಿ. ಇವರಿಗೆ ಕೂತಲ್ಲೇ ನಿದ್ದೆ ಹತ್ತುತ್ತೆ, ನಿದ್ದೇಲಿ ಉಸಿರು ಕಟ್ಟುತ್ತೆ."

"ಇರಿ ಅಮ್ಮ, ನಮ್ಮ ಸಾಹೇಬ್ರಿಗೆ ಕೊಡ್ತೀನಿ," ಎಂದಿತು ಆಚೆಯ ದನಿ.

ಗಂಡ ಮತ್ತೆ ಕುರ್ಚಿಯಲ್ಲಿ ಕುಸಿದು ಗೋಡೆಗೆ ಮುಖ ಮಾಡಿದ. "ಹೇಳು, ಹೇಳು. ಊರಿಗೆಲ್ಲ ಡಂಗುರ ಹೊಡಿ. ಇನ್ಮೇಲೆ ನನ್ನ ಮಾತಾಡಿಸ್ಬೇಡ." ಅವಳು ಫೋನನ್ನು ಕಿವಿಗೊತ್ತಿಕೊಂಡು ಕಾದಳು. ಇಷ್ಟು ವರ್ಷದಲ್ಲಿ ಅವನು ಹೀಗೆ ಮುಖ ತಿರುಗಿಸಿದ್ದೇ ಇಲ್ಲ.

"ಹಲೋ," ಎಂದರು ಸಾಹೇಬರು. "ಏನಮ್ಮ ಇದು, ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ? ಅವರಿಗೇ ಫೋನ್ ಕೊಡಿ, ಅವರ ಬಾಯಲ್ಲೇ ಕೇಳ್ತೀನಿ."

ಅವಳು ಫೋನನ್ನು ಗಂಡನ ಮುಂದೆ ಹಿಡಿದಳು. ಅವನ ಗದ್ದ ಎದೆಗೆ ತಾಗಿತ್ತು. ಹುಬ್ಬು ಇನ್ನೂ ಸಿಟ್ಟಿನಲ್ಲಿ ಗಂಟಿಕ್ಕಿಕೊಂಡೇ ಇತ್ತು. ಗೊರಕೆ ಏರಿತು, ಇನ್ನೂ ಏರಿತು, ನಿಂತಿತು.

"ಹಲೋ?" ಎಂದರು ಸಾಹೇಬರು. "ಹಲೋ, ಲೈನ್ ಕಟ್ಟಾಯ್ತಾ?"

ಅವಳು ಇನ್ನೊಂದು ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದು ನಿಂತಳು.