ಇಬ್ಬರು ಎಳೆದ ಕಡ್ಡಿ

ಅಪ್ಪನ ಪೇಪರ್‌ವೇಟನ್ನು ಮ್ಯೂಸಿಯಂನ ಮಿಸ್ ರ್ಯಾಟ್ರೆ ಬೋರಲು ಹಾಕಿದಾಗ ನನಗೆ ಮೊದಲ ಸಲ ಅಳುಕಾಯಿತು.

ವಿಕ್ ಊರಿನ ನಮ್ಮ ಗಾಜಿನ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ಅಲ್ಲಿ ದುಡಿದವರ ಕೈಕೆಲಸವನ್ನು ಮ್ಯೂಸಿಯಂನಲ್ಲಿ ಇಡುತ್ತಾರೆಂದು ತಿಳಿದಾಗ ಅಮ್ಮ ಕೇಳಿದ್ದು ಒಂದೇ: ಪಕ್ಕದ ಚೀಟಿಯಲ್ಲಿ ಅಪ್ಪನ ಹೆಸರಿರಬೇಕು. ಮ್ಯಾಗ್ನಸ್ ಗನ್ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತಿದ್ದ. ಮಾರಾಟಕ್ಕೆ ಹೋದ ಗಾಜಿನ ಮೇಲೆ ವಿನ್ಯಾಸ ಬರೆದವರ ಗುರುತಷ್ಟೇ ಇರುತ್ತಿತ್ತು. ಊಟದ ಬಿಡುವಿನಲ್ಲಿ, ಉಳಿದ ಗಾಜಿನಿಂದ, ಅಮ್ಮನಿಗೆಂದು ಮಾಡಿದ ಇದೊಂದೇ ಅವನದಾಗಿ ಉಳಿದಿತ್ತು.

"ತಳ ಉಜ್ಜಿಸಿದ್ದೀರಾ?" ಮಿಸ್ ರ್ಯಾಟ್ರೆ ಕೇಳಿದರು.

ಉಜ್ಜಿಸಿದ್ದು ನಾನು. ಬಿಸಿ ಗಾಜನ್ನು ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸಿದಾಗ ತಳದಲ್ಲಿ ಉಳಿದ ಒರಟು ಗುರುತು ಮೇಜನ್ನು ಗೀರುತ್ತಿತ್ತೆಂದು, ಹೋದ ವರ್ಷ ಅಮ್ಮನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹೊಳಪು ಕೊಡಿಸಿದ್ದೆ.

"ಅಲ್ಲಿ ಅವನ ಹೆಸರಿನ ಎರಡಕ್ಷರ ಕೆತ್ತಿತ್ತು," ಎಂದಳು ಅಮ್ಮ, ಮೆಲ್ಲಗೆ.

ಅದನ್ನೂ ಗೀರೆಂದುಕೊಂಡಿದ್ದೆ. "ಯಾಕಮ್ಮ ಒಂದು ವರ್ಷ ಹೇಳಲಿಲ್ಲ?"

"ಅಷ್ಟು ಖುಷಿಯಾಗಿ ಕೈಗಿಟ್ಟೆ. ಹೆಂಗೆ ಹೇಳಲಿ?"

ಆಗ ನಮ್ಮ ಜೊತೆ ಬಂದಿದ್ದ ಪಕ್ಕದ ಮನೆಯ ಜೆಸ್ಸಿ ಬೇನ್ ತನ್ನ ಪೇಪರ್‌ವೇಟನ್ನು ಉಣ್ಣೆಯ ಕಾಲುಚೀಲದೊಳಗಿಂದ ತೆಗೆದಳು. ಅವಳ ಗಂಡ ಸ್ಯಾಂಡಿ ಮತ್ತು ಅಪ್ಪ ಒಟ್ಟಿಗೆ ಕೆಲಸ ಮಾಡಿದವರು. ಅವಳು ಅಮ್ಮನ ಕಡೆ ತಿರುಗಿದಳು. "ಏನೇ ವಿಲ್ಮಾ, ಕೂಸಿನ ಕೆನ್ನೆ ಥರ ಮಾಡಿಸಿದೀಯ! ನಂದು ನೋಡು, ಸ್ಯಾಂಡಿಯ ಗಡ್ಡವೇ."

ಎರಡರ ಗಾಜಿನೊಳಗೂ ಒಂದೇ ಥರದ ನೀಲಿ ಹೂವು. ಎರಡರಲ್ಲೂ ಒಂದು ಎಸಳು ಮುದುಡಿತ್ತು. ಉದ್ದಕ್ಕೂ ಹೂವು ತುಂಬಿದ ಒಂದೇ ಗಾಜಿನ ಕಡ್ಡಿಯಿಂದ ಕತ್ತರಿಸಿದ ಬಿಲ್ಲೆಗಳು. ಜೆಸ್ಸಿಯದರ ಒರಟು ತಳದಲ್ಲಿ ಹಳದಿಯಾದ ಚೀಟಿ ಇನ್ನೂ ಅಂಟಿಕೊಂಡಿತ್ತು: 'ಮಾಡಿದ್ದು ಸ್ಯಾಂಡಿ. ಕಡ್ಡಿ ಎಳೆದದ್ದು ನಾನು, ಮ್ಯಾಗ್ನಸ್ ಗನ್. ೧೯೭೧.'

"ಬಿಸಿ ಗಾಜು ಒಬ್ಬರೇ ಎಳೆಯೋಕಾಗಲ್ಲ," ಎಂದಳು ಅಮ್ಮ. "ಸ್ಯಾಂಡಿ ಈ ಬಾಗಿಲ ಕಡೆ, ನಿಮ್ಮಪ್ಪ ಆ ಬಾಗಿಲ ಕಡೆ. ಹಿಂದಿಂದಕ್ಕೆ ನಡೀತಾ ಹೋಗೋರು."

ಮಿಸ್ ರ್ಯಾಟ್ರೆ ಭೂತಗನ್ನಡಿ ಕೆಳಗಿಟ್ಟರು. "ಹೂವು ಇಬ್ಬರದು ಅಂತ ಬರೀಬಹುದು. ಆದರೆ ಪೇಪರ್‌ವೇಟ್ ಯಾರು ಮಾಡಿದ್ದು ಅಂತ ಹೇಳೋಕೆ ಈಗ ಏನೂ ಉಳಿದಿಲ್ಲ. ಸ್ಯಾಂಡಿಯವರೇ ಇದನ್ನೂ ಮಾಡಿರಬಹುದಲ್ಲ?"

"ನನ್ನ ಗಂಡ ಇವಳಿಗೆ ಮಾಡಿಕೊಟ್ಟಿದ್ರೆ ಅವನ ಕಾಲು ಮುರೀತಿದ್ದೆ!"

"ಅದನ್ನ ಚೀಟಿಯಲ್ಲಿ ಬರೆಯೋಕಾಗಲ್ಲ, ಮಿಸೆಸ್ ಬೇನ್."

ಮ್ಯೂಸಿಯಂ ತೆರೆದ ದಿನ ಅಮ್ಮ ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಕನ್ನಡಕ ಮರೆತಿದ್ದಳು. ಪೇಪರ್‌ವೇಟಿನ ಪಕ್ಕದ ಚೀಟಿಯನ್ನು ನಾನು ಓದಿದೆ: "ಮಾಡಿದವರು: ತಿಳಿದಿಲ್ಲ."

ಅಷ್ಟಕ್ಕೇ ನಿಲ್ಲಿಸಿ ಹೊರಳಲು ಹೋದೆ. ಅಮ್ಮ ನನ್ನ ಮುಂಗೈ ಹಿಡಿದಳು.

"ಕೆಳಗೂ ಒಂದು ಸಾಲಿದೆ ಕಣೇ. ಓದು."

"ಹೂವಿನ ಕಡ್ಡಿ ಎಳೆದವರು: ಸ್ಯಾಂಡಿ ಬೇನ್, ಮ್ಯಾಗ್ನಸ್ ಗನ್."

"ಇನ್ನೊಂದ್ಸಲ," ಎಂದಳು.