ಕಾಲು ತೊಳೆಯುವ ಗುರುವಾರ

ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಾಳೆ, ಅದೂ ಗುಲಾಬಿ ಬಣ್ಣ, ಪವಿತ್ರ ಗುರುವಾರದ ದಿನ, ಮನೆಯಲ್ಲೇ ಸಾಬೂನು ಹಾಕಿ ತಿಕ್ಕಿಕೊಂಡು ಬಂದ ಕಾಲು — ಎಲ್ಲರೂ ಹಾಗೇ ಬರುತ್ತಾರೆ, ಸ್ವಾಮಿ ಯೇಸು ಶಿಷ್ಯರ ಧೂಳುಗಾಲು ತೊಳೆದ, ಮುಂಬಯಿ ಹತ್ತಿರದ ನಮ್ಮ ಕಳವಾ ಊರಿನ ಸಭೆಯವರಿಗೆ ಮಾತ್ರ ತೊಳೆದ ಕಾಲನ್ನೇ ತೊಳೆಯಬೇಕು, ಇಲ್ಲದಿದ್ದರೆ ಮರ್ಯಾದೆ ಹೋಗುತ್ತದಂತೆ. ನಾನು ಬೋಗುಣಿಯ ಮುಂದೆ ಮೊಣಕಾಲೂರಿದ್ದೇನೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಗವೇಣಿ, ಲೋಕಲ್ ರೈಲು ಹೋದಾಗೆಲ್ಲ ಸಭೆಯ ಬಾಡಿಗೆ ಹಾಲ್‌ನ ಕಿಟಕಿ ಗಡಗಡ. ಜೋಡಿ ಮಾಡಿದ್ದು ಪಾಸ್ಟರ್ ಶೇಖರ, ಸಂತೋಷಮ್ಮಾರೆ, ನೀವು ನಾಗವೇಣಿದು ತೊಳೀರಿ, ಆಮ್ಯಾಲೆ ಅಕಿ ನಿಮ್ದು ತೊಳೀತಾಳ, ತನ್ನ ಹಿಡಕೊಟ್ಟ ಯೂದನ ಕಾಲೂ ಸ್ವಾಮಿ ತೊಳದಾನಲ್ರಿ. ಎಂಥ ಜಾಣ! ಯೂದನಾದರೂ ಕತ್ತಲಲ್ಲಿ ಎದ್ದು ಹೋದ, ಇವಳು ಹಾಡಹಗಲು, ಮೈಕ್ ಹಿಡಿದು, ಭಕ್ತಿಯಿಂದ ಕಣ್ಣು ಮುಚ್ಚಿಕೊಂಡು. ನಾನು ಹೇಳಿದ್ದು ಇವಳೊಬ್ಬಳಿಗೇ, ಠಾಣೆಯಿಂದ ಬರುವ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ, ಬದಲಾಪುರಕ್ಕೆ ಮದುವೆ ಮಾಡಿಕೊಟ್ಟ ಮಗಳು ಗಂಡನ ಹೊಡೆತ ತಾಳಲಾರದೆ ಮನೆಗೆ ಬಂದಿದ್ದಾಳೆಂದು, ಯಾರ ಮುಂದೂ ಅನಬ್ಯಾಡ ತಂಗಿ ಅಂದೆ, ಅಯ್ಯ ಅಕ್ಕಾ, ನನ್ನ ಹೊಟ್ಟ್ಯಾಗ ಇಟ್ಕೋತೀನಿ ಅಂದಳು. ಅದೇನು ಹೊಟ್ಟೆಯೋ, ಭಾನುವಾರದವರೆಗೂ ತಡೆಯಲಿಲ್ಲ. ನಮ್ಮಲ್ಲಿ ಚಾಡಿ ಹೇಳಿದರೆ ಪಾಪ, ಅದನ್ನೇ ಎದ್ದು ನಿಂತು ಪ್ರಾರ್ಥನಾ ವಿನಂತಿ ಅಂದರೆ ದೇವರ ಸೇವೆ. ಯಾರದರ ವಿನಂತಿ ಐತೇನ್ರಿ ಎಂದು ಪಾಸ್ಟರ್ ಕೇಳಿದ್ದೇ ತಡ, ಇವಳು ಎದ್ದಳು, ನಮ್ಮ ಸಂತೋಷಮ್ಮಕ್ಕನ ಮಗಳಿಗೆ ಗಂಡ ಬಡದು ಹೊರಗ ಹಾಕ್ಯಾನ್ರಿ, ಆ ಕೂಸಿನ ಸಂಸಾರಕ್ಕ ಪ್ರಾರ್ಥನಾ ಮಾಡ್ರಿ, ಮೊಸಳೆ ಕಣ್ಣೀರು, ಸಭೆಯೆಲ್ಲ ಆಮೆನ್ ಆಮೆನ್, ಒಂದೊಂದೇ ತಲೆ ಹಿಂದಕ್ಕೆ ತಿರುಗಿತು, ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಮಗಳು ಅನುಷ್ಕಾ ಕೂತಿದ್ದಳು. ಕೆನ್ನೆಯ ಮೇಲೆ ದುಪಟ್ಟಾ ಎಳೆದುಕೊಂಡಳು. ಸಭೆಗೆಲ್ಲ ಹಾಡು ಎತ್ತಿಕೊಡುತ್ತಿದ್ದ ಹುಡುಗಿ ಈಗ ನೀರಿಗೆಂದು ಕೆಳಗಿನ ನಲ್ಲಿಗೂ ಇಳಿಯುವುದಿಲ್ಲ, ಅಲ್ಲಿ ನಮ್ಮ ಹೆಂಗಸರು ನಿಂತಿರುತ್ತಾರೆ, ನಿಮ್ಮ ಸಲುವಾಗಿ ಉಪವಾಸ ಮಾಡಾಕತ್ತೀವ್ರಿ ಎನ್ನುತ್ತಾರೆ, ಮುಖದಲ್ಲಿ ಮಾತ್ರ ಉಂಡೆದ್ದ ಕಳೆ.

ಇಗೋ ತೊಳೆದೆ, ಹಿಮ್ಮಡಿ, ಬೆರಳ ಸಂದಿ, ತೊಳೆಯುವುದು ಏನು ಮಹಾ, ಎಷ್ಟು ಬಗ್ಗಿದರೂ ನಾನೇ ಮೇಲೆ, ಎಲ್ಲರೂ ನೋಡಲಿ, ಸಂತೋಷಮ್ಮನ ದೊಡ್ಡ ಗುಣ ನೋಡಲಿ. ಇವತ್ತು ಮನೆಯಿಂದ ಹೊರಡುವಾಗ ಅನುಷ್ಕಾ ಗೋಡೆಗೆ ಮುಖ ಮಾಡಿಯೇ ಹೇಳಿದಳು, ಇಲ್ಲೇ ಹುಟ್ಟಿದವಳು, ಸಿಟ್ಟು ಬಂದರೆ ಹಿಂದಿಯೇ, ಮಾಫ್ ಕರ್ನಾ ಹೈ ತೋ ಅಪ್ನೇ ನಾಮ್ ಸೇ ಕರ್ ಮಮ್ಮೀ, ಮೇರೇ ನಾಮ್ ಸೇ ಮತ್ ಕರ್. ಆಗಲಿ ಮಗಳೇ, ನನ್ನ ಹೆಸರಿನಲ್ಲೇ ಕ್ಷಮಿಸಿದೆ, ನಿನ್ನ ಹೆಸರು ತೆಗೆಯಲಿಲ್ಲ, ಟವೆಲಿನಿಂದ ಒರೆಸಿದ್ದೂ ಆಯಿತು, ಮುಗಿಯಿತು — ಎಲ್ಲಿ ಮುಗಿಯಿತು, ಈಗ ಕುರ್ಚಿಯ ಮೇಲೆ ನಾನು, ಕೆಳಗೆ ಅವಳು. ಕಾಲ ಕೊಡ್ರಿ ಅಕ್ಕಾ. ಕಾಲು ಏಳುತ್ತಿಲ್ಲ. ಇವಳ ಕಾಲು ಹಿಡಿಯುವಾಗ ಇಷ್ಟು ಕಷ್ಟವಾಗಲಿಲ್ಲ, ಇವಳ ಕೈಗೆ ನನ್ನ ಕಾಲು ಕೊಡಬೇಕೆಂದರೆ ಮೈಯೆಲ್ಲ ಉರಿಯುತ್ತದೆ, ಶಿಷ್ಯ ಪೇತ್ರನೂ ಕಾಲು ಕೊಡಲು ಮೊದಲು ಒಲ್ಲೆ ಅಂದಿದ್ದ, ಆದರೆ ಅವನ ಮುಂದೆ ಕೂತಿದ್ದವನು ಕರ್ತನು, ನನ್ನ ಮುಂದೆ ಈ ಬಾಯಿಬಡಕಿ. ಸ್ವಾಮೀ, ಸುಳ್ಳು ಹೇಳಲಾರೆ, ನನಗೆ ಇವಳೆಂದರೆ ಹೇಸಿಗೆ. ಅನುಷ್ಕಾನ ಮುಂದ ಹೋಗಿ ತಪ್ಪಾತು ಅನ್ನು, ಒಬ್ಬಾಕಿನ ಹೋಗು, ಅಂದೆ, ಅಂದೇಬಿಟ್ಟೆ. ಅವಳು ಬೋಗುಣಿಯ ನೀರು ನೋಡುತ್ತಲೇ ಅಂದಳು, ಹೋಗಿದ್ದೆ ಅಕ್ಕಾ, ನೀವು ಕೆಲಸಕ್ಕ ಹೋದಾಗ, ಎರಡು ಸಲ, ಬಾಗಿಲಾ ತೆಗೀಲಿಲ್ಲ. ನನಗೆ ಗೊತ್ತಿರಲಿಲ್ಲ, ಮಗಳು ಹೇಳಿರಲಿಲ್ಲ. ಇವಳೂ ಯಾರಿಗೂ ಹೇಳಿರಲಿಲ್ಲ. ನೀರಿನ ಮೇಲೆ ಚಾಚಿದ ಕೈ, ಬಾಗಿಲು ಬಡಿದ ಕೈ, ಹಾಗೇ ಚಾಚಿಕೊಂಡೇ ಇದೆ, ಕಾಲು ಎತ್ತಿ ಇಳಿಸಿದೆ, ಆ ಕೈ, ಅದರಲ್ಲಿ ನನ್ನ ಕಾಲು, ಆ ಕೈ.