ಬಿ ಏನ್ರಿ, ಕೆ ಏನ್ರಿ?

ದತ್ತಪ್ಪ ಮೂವತ್ತೊಂದು ವರ್ಷ ಜೇವರ್ಗಿಯ ಅಂಚೆ ಕಚೇರಿಯಲ್ಲಿ ತಾರು ಕುಟ್ಟಿದವರು. ಈ ಸೀಮೆಯಲ್ಲಿ ಒಂದೇ ಹೆಸರಿನ ಎರಡೆರಡು ಊರು. ನಿಜಾಮರ ಕಾಲದ ಕಾಗದದಲ್ಲಿ ದೊಡ್ಡದು ಬುಜುರ್ಗ, ಚಿಕ್ಕದು ಖುರ್ದ. ಜನರ ಬಾಯಲ್ಲಿ ಸವೆದು ಸವೆದು ಬಿ ಮತ್ತು ಕೆ ಆಗಿ ಉಳಿದವು. ಒಮ್ಮೆ ಹಿರಗೋಳ ಕೆಗೆ ಹೋಗಬೇಕಾದ ಸಾವಿನ ತಾರು ಹಿರಗೋಳ ಬಿಗೆ ಹೋಗಿ, ಬದುಕಿದ್ದ ಮಗನಿಗಾಗಿ ಒಂದು ಮನೆಯವರು ಇಡೀ ದಿನ ಎದೆ ಬಡಿದುಕೊಂಡು ಅತ್ತರು. ಅಂದಿನಿಂದ ಕಿಟಕಿಗೆ ಯಾರೇ ಬರಲಿ, ದತ್ತಪ್ಪನವರ ಮೊದಲ ಮಾತು ಒಂದೇ: "ಬಿ ಏನ್ರಿ, ಕೆ ಏನ್ರಿ?" ಊರವರು ಬೆನ್ನ ಹಿಂದೆ ಅವರನ್ನು ಬಿಕೆ ಮಾಸ್ತರ ಎಂದು ಕರೆದು ನಕ್ಕರು. ನಗಲಿ ಬಿಡಿ, ಆಮೇಲೆ ಒಂದು ತಾರೂ ದಾರಿ ತಪ್ಪಲಿಲ್ಲ.

ನಿವೃತ್ತಿಯಾದ ಮೇಲೂ ಅವರ ಬೆರಳು ಸುಮ್ಮನಿರಲಿಲ್ಲ. ಹವ್ಯಾಸಿ ರೇಡಿಯೊದ ಲೈಸೆನ್ಸು ತೆಗೆದು, ಮಾಳಿಗೆಯ ಮೇಲೆ ತಂತಿ ಕಟ್ಟಿದರು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಉಳಿದವಳು ಮಗಳು ಶಿವಕಾಂತಾ ಒಬ್ಬಳೇ. ಅವಳಿಗೂ ಮೋರ್ಸ್ ಕಲಿಸಿ, ಪರೀಕ್ಷೆ ಕಟ್ಟಿಸಿ, ಲೈಸೆನ್ಸು ಕೊಡಿಸಿದರು. ಅವಳು ನರ್ಸ್ ಆಗಿ ಹಿರಗೋಳ ಬಿಯ ಉಪಕೇಂದ್ರಕ್ಕೆ ಹೋದಾಗ ಸೀರೆಗಳ ನಡುವೆ ಒಂದು ಪುಟ್ಟ ಸೆಟ್ಟನ್ನೂ ಬ್ಯಾಟರಿಯನ್ನೂ ಇಟ್ಟು ಕಳಿಸಿದರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಪ್ಪ ಮಗಳು ತಂತಿಯಿಲ್ಲದೆ ಹರಟುತ್ತಿದ್ದರು. ಜೋಳದ ರೊಟ್ಟಿಗೆ ಪುಂಡಿಪಲ್ಲೆ ಮಾಡಿದ್ದು ಕೂಡ ಚುಕ್ಕೆ ಗೆರೆಗಳಲ್ಲೇ ಬರುತ್ತಿತ್ತು.

ಕಂಪ್ಯೂಟರು ಬಂದದ್ದು ತೊಂಬತ್ತರ ದಶಕದಲ್ಲಿ, ಕಂಪ್ಯೂಟರಿದ್ದ ಕೋಣೆಗೆ ಜನ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ. ತಂದವನು ಗುಲಬರ್ಗಾದ ಕಾಲೇಜಿನಲ್ಲಿ ಕಲಿಸುತ್ತಿದ್ದ ದೇವೀಂದ್ರಪ್ಪ; ಅವನಿಗೂ ರೇಡಿಯೊದ ಹುಚ್ಚು. ಅವನು ಬರೆದ ಪ್ರೋಗ್ರಾಮು ರೇಡಿಯೊದ ಸದ್ದು ಕೇಳಿ ಮೋರ್ಸನ್ನು ಅಕ್ಷರ ಮಾಡುತ್ತಿತ್ತು, ಸಂದೇಶದ ಕೊನೆಯಲ್ಲಿದ್ದ ಊರಿನ ಹೆಸರು ಹಿಡಿದು ಆ ಸ್ಟೇಷನ್ನಿನ ಜಾಗವನ್ನು ತಾನೇ ನಕಾಶೆಯ ಮೇಲೆ ಗುರುತಿಸುತ್ತಿತ್ತು. ಹಸಿರು ಚುಕ್ಕೆ ಹೊತ್ತಿಕೊಳ್ಳುವುದು, ಕೆಳಗೆ 'ಪೊಜಿಷನ್ ಸೆಟ್' ಎಂದು ಬರುವುದು. ಕೈಯಿಂದ ಏನೂ ತುಂಬಬೇಕಿಲ್ಲ, ಯಾರನ್ನೂ ಏನೂ ಕೇಳಬೇಕಿಲ್ಲ.

ಅದಕ್ಕೊಂದೇ ತೊಡಕಿತ್ತು. ಮೋರ್ಸಿನವರು ಮಾತು ಮುಗಿದಾಗ ಕೆ ಎಂದು ಬಾರಿಸುತ್ತಾರೆ. ನನ್ನದು ಮುಗಿಯಿತು, ಇನ್ನು ನೀನು ಹೇಳು ಎಂದರ್ಥ. ಪ್ರೋಗ್ರಾಮು ಅದನ್ನೂ ಊರಿನ ಹೆಸರಿಗೆ ಅಂಟಿಸಿಕೊಂಡು ತಡವರಿಸುತ್ತಿತ್ತು.

"ಕಡೀಗಿ ಬರೋ ಕೆ ತಗದ್ ಒಗೀ," ಎಂದರು ದತ್ತಪ್ಪ.

"ಎರಡು ಸಲ ಬಂದ್ರ?"

"ಎರಡೂ ಒಗೀ. ಹೆದರಿದವ್ರ ಕೈ ನಡುಗಿ ಎರಡೆರಡು ಬಾರಸ್ತಾವ. ನಾ ಮೂವತ್ತು ವರ್ಷ ಕೇಳೇನಿ."

ದೇವೀಂದ್ರಪ್ಪ ಹಾಗೆಯೇ ಮಾಡಿದ. ಯಂತ್ರಕ್ಕೂ ಬುದ್ಧಿ ಹೇಳಿಕೊಟ್ಟೆನೆಂಬ ಹಮ್ಮು ದತ್ತಪ್ಪನವರಿಗೆ. ಹಮ್ಮಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ; ಅವರ ಕಿವಿಯಂತೂ ಆಗಲೇ ಮಂದವಾಗುತ್ತ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಭೀಮೆ ಉಕ್ಕಿತು. ನದಿಯ ಮೇಲುಗಡೆಯ ಮಣ್ಣೂರಿನ ಘಾಟಿನಲ್ಲಿ ನೀರು ಗಂಟೆಗೊಂದು ಮೆಟ್ಟಿಲು ಏರುತ್ತಿದೆ ಎಂಬ ಸುದ್ದಿ ಬೆಳಿಗ್ಗೆ ಬಂತು, ಮಧ್ಯಾಹ್ನದೊಳಗೆ ಫೋನು ಸತ್ತವು. ದತ್ತಪ್ಪನವರ ಸೆಟ್ಟು, ದೇವೀಂದ್ರಪ್ಪನ ಕಂಪ್ಯೂಟರು ಎರಡನ್ನೂ ನದಿಯ ಹತ್ತಿರದ ಒಂದು ಗೋದಾಮಿಗೆ ತಂದು ಲಾರಿಯ ಬ್ಯಾಟರಿಗಳಿಗೆ ಜೋಡಿಸಿದರು. ಇದ್ದ ಮೋಟಾರು ದೋಣಿ ಒಂದೇ. ಅದನ್ನು ನಡೆಸುವವನು ಖಾದರಸಾಬ, ಭೀಮೆಯ ಸುಳಿಗಳನ್ನೆಲ್ಲ ಹೆಸರು ಹಿಡಿದು ಕರೆಯುವವನು.

ಮೂರು ಗಂಟೆಗೆ ಶಿವಕಾಂತಾಳ ಕೈ, ಅವಳು ಮೋರ್ಸ್ ಬಾರಿಸುವ ಲಯ, ಕೇಳಿಸಿತು. ಸಾವಿರ ಕೈಗಳಲ್ಲೂ ದತ್ತಪ್ಪ ಆ ಕೈಯನ್ನು ಗುರುತಿಸಬಲ್ಲರು. ಸದ್ದು ಕ್ಷೀಣವಾಗಿತ್ತು; ಬ್ಯಾಟರಿ ಇಳಿಯುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಒಂದೊಂದೇ ಬಿದ್ದವು: ನೀರು ಬಂದಿದೆ. ಶಾಲೆಯ ಮಾಳಿಗೆಯ ಮೇಲೆ ಇಪ್ಪತ್ತಮೂರು ಜನ, ಒಬ್ಬ ಬಾಣಂತಿ. ಹಿರಗೋಳ ಕೆ ಕೆ.

"ಕೈ ನಡಗಾಕತ್ತದ ನನ್ನ ಕೂಸಿಂದು," ಎಂದರು ದತ್ತಪ್ಪ. ಕಣ್ಣು ತುಂಬಿ ಬಂತು. ಪರದೆಯಿಂದ ಎರಡೂ ಕೆಗಳು ಅಳಿಸಿಹೋದವು. ಪಟ್ಟಿಯಲ್ಲಿ ಮೊದಲಿದ್ದ ಹಿರಗೋಳದ ಮೇಲೆ, ಬಿಯ ಮೇಲೆ, ಹಸಿರು ಚುಕ್ಕೆ ಹೊತ್ತಿತು. ಪೊಜಿಷನ್ ಸೆಟ್.

ಖಾದರಸಾಬ ಬಗ್ಗಿ ಆ ಚುಕ್ಕೆಯನ್ನು ನೋಡಿದ. ಮೀಸೆ ತಿರುವುತ್ತಿದ್ದ ಕೈ ಅಲ್ಲೇ ನಿಂತಿತು.

"ಮಾಸ್ತರ್ರಿ, ಬಿ ದಿನ್ನಿ ಮ್ಯಾಗ ಅದ. ನಮ್ಮಪ್ಪನ ಕಾಲದಾಗೂ ಅಲ್ಲಿಗಿ ನೀರು ಏರಿಲ್ಲ. ಕೆ ಇರಬೇಕು ನೋಡ್ರಿ."

"ನನ್ನ ಮಗಳು ಇರೋದು ಬಿದಾಗ."

"ಹೌದ್ರಿ, ಖರೇ. ಆದ್ರೂ ಒಂದ್ಸಲ ಕೇಳ್ರಿ."

ಇಲ್ಲಿ ಮುದುಕ ಒಂದು ಮಾತು ಕೇಳಬೇಕಿತ್ತು. ಮೂವತ್ತು ವರ್ಷ ಕಂಡಕಂಡವರನ್ನೆಲ್ಲ ಕೇಳಿದ ಮಾತು, ಸ್ವಂತ ಮಗಳ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಬ್ಯಾಟರಿ ಸಾಯಾಕತ್ತದ ಅವಳ್ದು! ಕೇಳಕೋತ ಕುಂದರಲೇನು? ಮಷೀನು ಜಾಗಾ ಹಚ್ಚಿ ತೋರ್ಸ್ಯಾದ, ನಿನಗ ಕಾಣವಲ್ದೇನು? ನಡೀ!" ಎಂದು ಗದರಿದರು. ಮಗಳಿಗೆ ಮಾತ್ರ 'ದೋಣಿ ಹೊರಟಿದೆ' ಎಂದು ಬಾರಿಸಿದರು.

ಖಾದರಸಾಬ ಹೋಗಿ ಮೋಟಾರು ಚಾಲೂ ಮಾಡಿದ. ವಾಕಿಟಾಕಿ ಹಿಡಿದು ದೇವೀಂದ್ರಪ್ಪನೂ ದೋಣಿ ಹತ್ತಿದ. ಬಿ ಇರುವುದು ಪ್ರವಾಹಕ್ಕೆ ಎದುರಾಗಿ, ಮೇಲುಗಡೆ. ಕೆ ಕೆಳಗಡೆ, ನದಿ ತಿರುಗುವ ಮೂಲೆಯಲ್ಲಿ. ದೋಣಿ ಮೇಲುಗಡೆಗೆ ಹೋಯಿತು.

ಗೋದಾಮಿನಲ್ಲಿ ದತ್ತಪ್ಪ ಒಬ್ಬರೇ ಉಳಿದರು. ನದಿಯ ಸದ್ದು ಗೋಡೆಯಾಚೆ ದನದ ಹಿಂಡು ಹೋದಂತೆ ಕೇಳುತ್ತಿತ್ತು. ಶಿವಕಾಂತಾ ಆಗಾಗ ಬಾರಿಸುತ್ತಿದ್ದಳು. ಪ್ರತಿ ಸಲ ಮಾತು ಚಿಕ್ಕದಾಗುತ್ತಿತ್ತು. ಮೊಣಕಾಲಿಗೆ ನೀರು, ಹಿರಗೋಳ ಕೆ ಕೆ. ದೋಣಿ ಕಾಣುತ್ತಿಲ್ಲ, ಹಿರಗೋಳ ಕೆ ಕೆ. ಪ್ರತಿ ಸಲ ಕಂಪ್ಯೂಟರು ಕೆಗಳನ್ನು ನುಂಗಿ ಹಸಿರು ಚುಕ್ಕೆಯನ್ನು ಬಿಯ ಮೇಲೇ ಕೂರಿಸಿತು. ಪ್ರತಿ ಸಲ ದತ್ತಪ್ಪ ಅದನ್ನು ನೋಡಿ ಸಮಾಧಾನ ಮಾಡಿಕೊಂಡರು. ಒಮ್ಮೆಯಂತೂ, "ಒಂದ ಕೆ ಸಾಕವ್ವ, ಬ್ಯಾಟರಿ ಉಳಿಸು," ಎಂದು ಮೋರ್ಸಿನಲ್ಲೇ ಬುದ್ಧಿ ಹೇಳಿದರು. ಅಪ್ಪ ಹೇಳಿದಂತೆ ಕೇಳುವ ಮಗಳು. ಆಮೇಲೆ ಬಂದದ್ದರಲ್ಲಿ ಒಂದೇ ಕೆ ಇತ್ತು.

ಐದೂಕಾಲಿಗೆ ವಾಕಿಟಾಕಿ ಕೆಮ್ಮಿತು. ದೇವೀಂದ್ರಪ್ಪನ ದನಿ.

"ಮಾಸ್ತರ್ರಿ, ಹಿರಗೋಳ ಬಿ ಮುಟ್ಟೇವ್ರಿ. ಇಲ್ಲಿ ಎಲ್ಲಾ ಆರಾಮ ಅದ. ಊರಾಗ ಒಂದು ಹನಿ ನೀರಿಲ್ಲ."

ದತ್ತಪ್ಪನವರಿಗೆ ಮೊದಲು ಹಿಗ್ಗಾಯಿತು, ಆಮೇಲೆ ವಾಕಿಟಾಕಿಯನ್ನು ಬಾಯಿಗೆ ಒತ್ತಿಕೊಂಡರು. "ನನ್ನ ಮಗಳು?"

ಅತ್ತ ದೇವೀಂದ್ರಪ್ಪ ಯಾರನ್ನೋ ಕೇಳಿದ. ಒಬ್ಬ ಹೆಂಗಸಿನ ದನಿ ದೂರದಿಂದ ಬಂತು, ಉಪಕೇಂದ್ರದ ಆಯಾ ಜೈತುನಬಿಯದು. "ಸಿಸ್ಟರು ನಸಕನ್ಯಾಗೇ ರೇಡಿಯೊ ಪೆಟ್ಟಿಗಿನೂ ಹಿಡ್ಕೊಂಡು ಬಾಣಂತನಾ ಮಾಡಾಕ ಹೋಗ್ಯಾರ್ರಿ. ಕೆಕ್ಕ."

ಕೆಕ್ಕ. ಹಿರಗೋಳ ಕೆಗೆ ಎನ್ನಲು ಈ ಸೀಮೆಯಲ್ಲಿ ಹಿರಗೋಳ ಎಂಬುದನ್ನೂ ಬಿಟ್ಟು ಅಷ್ಟೇ ಅನ್ನುತ್ತಾರೆ. ಒಂದು ಕೆ ಊರಿನದು, ಒಂದು ಕೆ ಮಾತು ಮುಗಿದದ್ದಕ್ಕೆ. ನಡುಗಿದ್ದು ಅವಳ ಕೈಯಲ್ಲ. ಅವಳು ತಪ್ಪಿಲ್ಲದೆ, ಅಪ್ಪ ಕಲಿಸಿದ ಹಾಗೆಯೇ, ಎರಡೂ ತಾಸು ಊರಿನ ಹೆಸರು ಹೇಳುತ್ತಲೇ ಇದ್ದಳು. ಕೊನೆಗೆ ಆ ಒಂದು ಅಕ್ಷರವನ್ನೂ ಅವರೇ ಬಿಡಿಸಿದ್ದರು.

"ತಿರುಗ್ಸ್ರಿ!" ಎಂದು ಕಿರುಚಿದರು ದತ್ತಪ್ಪ. "ಖಾದರಸಾಬಗ ಹೇಳು, ಕೆಕ್ಕ ಹೋಗ್ರಿ, ಕೆಕ್ಕ! ತಪ್ಪು ನಂದದ!" ಅವರು ಕೀಲಿಮಣೆಯ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಹುಡುಕಿ, ಚುಕ್ಕೆಯನ್ನು ಕೈಯಿಂದ ಕೆಗೆ ಇಳಿಸಿದರು. ಅಷ್ಟರಲ್ಲಿ ಅವಳ ಸದ್ದು ಬಂತು, ಗೋಡೆಯಾಚೆಯ ನೀರಿಗಿಂತ ಸಣ್ಣಗೆ: ಎದೆಮಟ್ಟ. ಹಿರಗೋಳ ಕೆ. ಚುಕ್ಕೆ ಜಿಗಿದು ಮತ್ತೆ ಬಿಯ ಮೇಲೆ ಕೂತಿತು. ಪೊಜಿಷನ್ ಸೆಟ್. ದತ್ತಪ್ಪ ಎರಡೂ ಕೈಯಿಂದ ತಲೆ ಚಚ್ಚಿಕೊಂಡರು.

ಹೊತ್ತು ಮುಳುಗುವ ಮೊದಲು ವಾಕಿಟಾಕಿಯಲ್ಲಿ ಬಂದದ್ದು ದೇವೀಂದ್ರಪ್ಪನ ದನಿಯಲ್ಲ, ಖಾದರಸಾಬನದು.

"ಮಾಸ್ತರ್ರಿ, ಕೆಕ್ಕ ಬಂದೇವಿ. ಶಾಲಿ ಎದುರಿನ ಬೇವಿನ ಗಿಡದ ತುದಿ ಕಾಣಾಕತ್ತದ. ಗಿಡದಾಗ ನಾಕ ಮಂದಿ ಅದಾರ, ಹತ್ತಸ್ಕೊಳ್ಳಾಕತ್ತೇವಿ." ಅವನು ಮೋಟಾರು ನಿಲ್ಲಿಸಿದ. "ಸಿಸ್ಟರು ಅವರೊಳಗಿಲ್ರಿ. ಶಾಲಿ ಮಾಳಗಿ ಕಾಣವಲ್ದು."

ದತ್ತಪ್ಪ ವಾಕಿಟಾಕಿ ಕೆಳಗಿಟ್ಟರು. ಮೋರ್ಸಿನ ಗುಂಡಿಯ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದರು, ನಿಧಾನವಾಗಿ, ತಪ್ಪಿಲ್ಲದೆ: ಬಿ ಏನ್, ಕೆ ಏನ್? ಕೊನೆಯಲ್ಲಿ ರೂಢಿಯಂತೆ ಒಂದು ಕೆ ಬಾರಿಸಿದರು. ಇನ್ನು ನೀನು ಹೇಳು. ಕಾದರು. ಮತ್ತೆ ಬಾರಿಸಿದರು. ದೋಣಿಯಿಂದ ಇಳಿದು ಒದ್ದೆ ಬಟ್ಟೆಯಲ್ಲೇ ಬಂದ ಖಾದರಸಾಬ ಅವರ ಕೈ ಹಿಡಿಯುವವರೆಗೂ ಬಾರಿಸುತ್ತಲೇ ಇದ್ದರು.